ಮಗ್ದಲದ ಕೆತ್ತನೆಯ ಕಲ್ಲು: ಮೇಜೋ, ಮೇಜಿನ ಬುಡವೋ, ಮತ್ತೇನೋ?

ಹಳೆಗಲ್ಲು:

ಗಲಿಲಾಯ ಸರೋವರದ ಪಶ್ಚಿಮ ದಂಡೆಯಲ್ಲಿ ಮಗ್ದಲ ಎಂಬ ಹಳೆಯ ಊರಿದೆ. ಕ್ಯಾಥೊಲಿಕ್ ಧರ್ಮಸಂಘವೊಂದು ಯಾತ್ರಿಕರಿಗಾಗಿ ವಸತಿಗೃಹ ಕಟ್ಟಲು ಅಲ್ಲಿ ಜಾಗ ಕೊಂಡಿತ್ತು. ಇಸ್ರೇಲಿನ ಕಾನೂನಿನಂತೆ ಇಂಥ ಕಡೆ ಅಡಿಪಾಯ ತೋಡುವ ಮೊದಲು ಪುರಾತತ್ವದವರು ಅಗೆದು ನೋಡಬೇಕು. 2009ರಲ್ಲಿ ಅಲ್ಲಿನ ಪುರಾತತ್ವ ಪ್ರಾಧಿಕಾರದ ದೀನಾ ಅವ್ಶಲೋಮ್-ಗೋರ್ನಿ ಮತ್ತು ಅರ್ಫಾನ್ ನಜ್ಜಾರ್ ಅಗೆಸಿದಾಗ ಸುಮಾರು 120 ಚದರ ಮೀಟರಿನ ಒಂದು ಯೆಹೂದಿ ಸಭಾಮಂದಿರ ಹೊರಬಂತು. ಗೋಡೆಗೆ ಬಣ್ಣದ ಗಾರೆ, ನೆಲದ ಒಂದು ಭಾಗಕ್ಕೆ ಮೊಸಾಯಿಕ್, ಸುತ್ತ ಕಲ್ಲಿನ ಜಗಲಿ. ಅಲ್ಲಿ ಸಿಕ್ಕ ನಾಣ್ಯಗಳಲ್ಲಿ ಒಂದು ಕ್ರಿ.ಶ. 29ರದು, ತಿಬೇರಿಯ ಪಟ್ಟಣದ ಟಂಕಸಾಲೆಯದು. ಅಂದರೆ ಯೆರೂಸಲೇಮಿನ ದೇವಾಲಯ ಇನ್ನೂ ನಿಂತಿದ್ದಾಗಲೇ, ಅಲ್ಲಿ ದಿನವೂ ಬಲಿ ನಡೆಯುತ್ತಿದ್ದಾಗಲೇ, ಈ ಮಂದಿರ ಬಳಕೆಯಲ್ಲಿತ್ತು. ಕ್ರಿ.ಶ. 67ರಲ್ಲಿ ರೋಮನ್ ಸೈನ್ಯ ಊರನ್ನು ಹಿಡಿಯಿತು.

ಮಂದಿರದೊಳಗೆ ಸುಣ್ಣಕಲ್ಲಿನ ಒಂದು ದಿಮ್ಮಿ ಇತ್ತು. ಉದ್ದ ಸುಮಾರು 60 ಸೆಂಟಿಮೀಟರ್, ಅಗಲ 50, ಎತ್ತರ 40ರ ಆಸುಪಾಸು. ಕೆಳಗೆ ನಾಲ್ಕು ಗಿಡ್ಡ ಕಾಲುಗಳು. ನಾಲ್ಕು ಪಕ್ಕ, ಮೇಲ್ಮೈ, ಎಲ್ಲದರ ಮೇಲೂ ಕೆತ್ತನೆ. ಮುಂಭಾಗದಲ್ಲಿ ಏಳು ಕವಲಿನ ದೀಪಸ್ತಂಭ, ಅಂದರೆ ಮೆನೋರಾ. ಅದಕ್ಕೆ ತ್ರಿಕೋನದ ಪಾದ, ಅದರ ಕೆಳಗೊಂದು ಚೌಕ. ಎರಡೂ ಬದಿಗೆ ಹಿಡಿಯುಳ್ಳ ಹೂಜಿಗಳು, ಅವುಗಳ ಆಚೆ ಒಂದೊಂದು ಕಂಬ. ಉದ್ದದ ಪಕ್ಕಗಳಲ್ಲಿ ಕಮಾನುಗಳ ಸಾಲು. ಹಿಂಭಾಗದಲ್ಲಿ ಎರಡು ಕಂಬಗಳ ನಡುವೆ ಚಕ್ರದಂಥ ಎರಡು ಆಕೃತಿ, ಅವುಗಳ ಕೆಳಗೆ ಬೆಂಕಿಯ ನಾಲಿಗೆಯಂಥ ತ್ರಿಕೋನಗಳು. ಮೇಲ್ಮೈಯ ನಡುವೆ ಆರು ಎಸಳಿನ ಹೂವು, ಸುತ್ತ ಎಲೆಗಳು.

ಕಲಾ ಇತಿಹಾಸಕಾರ್ತಿ ರೀನಾ ತಲ್ಗಾಮ್ ಇದನ್ನು ಯೆರೂಸಲೇಮಿನ ದೇವಾಲಯದ ಕಿರುರೂಪವೆಂದು ಓದುತ್ತಾರೆ. ಮುಂದಿನಿಂದ ಹಿಂದಕ್ಕೆ ಹೋದಂತೆ ಹೊರಾವರಣದಿಂದ ಗರ್ಭಗೃಹಕ್ಕೆ ಹೋದಂತೆ, ಹಿಂಬದಿಯ ಚಕ್ರ ಮತ್ತು ಬೆಂಕಿ ದೇವರ ರಥ. ಪುರಾತತ್ವಜ್ಞ ಮೊರ್ದೆಕಾಯ್ ಅವಿಯಮ್ ಅವರ ಪ್ರಕಾರ ಇದು ತೋರಾದ, ಅಂದರೆ ಯೆಹೂದಿ ಧರ್ಮಶಾಸ್ತ್ರದ, ಸುರುಳಿಯನ್ನಿಟ್ಟು ಓದುವ ಮೇಜಿನ ಬುಡ. ಎರಡನ್ನೂ ಒಟ್ಟಿಗೆ ಒಪ್ಪುವವರೂ ಇದ್ದಾರೆ.

ನನ್ನ ತಕರಾರು ಇಷ್ಟೇ. ಇಂಥ ಕಲ್ಲುಗಳಿಗೆ ವಸ್ತುಸಂಗ್ರಹಾಲಯದ ಚೀಟಿ ಅಂಟಿಸಿದ ಕೂಡಲೇ ನಾವು ನೋಡುವುದನ್ನು ನಿಲ್ಲಿಸುತ್ತೇವೆ. ‘ಮೇಜು’ ಎಂದರೆ ಮೇಜು, ಸಭಾಮಂದಿರದ ಕಲ್ಲಿನ ಕುರ್ಚಿಯೊಂದಕ್ಕೆ ‘ಮೋಶೆಯ ಪೀಠ’ ಎಂದರೆ ಪೀಠ. ಕಲ್ಲು ಎಲ್ಲಿ, ಯಾವ ಭಂಗಿಯಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದು ಅದರ ಮೇಲಿನ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ನಂಬಿಕೆ. ಕಲ್ಲಿನ ಕೆಲಸ ಬಲ್ಲವರು, ಶಾಸ್ತ್ರ ಓದಿದವರು, ಅಲ್ಲಿಗೆ ಹೋಗಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ಪ್ರಶ್ನೆಪೆಟ್ಟಿಗೆ:

ಚಿತ್ರ ನೋಡಿದರೆ ನನಗೆ ಬಲಿಪೀಠದಂತೆಯೇ ಕಾಣುತ್ತದೆ. ಚೌಕಾಕಾರ, ಗಿಡ್ಡ ಕಾಲು, ನಡುಮಂದಿರದಲ್ಲಿ ಸ್ಥಾನ. ಯಾಕಾಗಬಾರದು?

ಹಳೆಗಲ್ಲು:

ಆ ನಾಡಿನ ಯೆಹೂದ್ಯರಿಗೆ ಬಲಿಗೆ ಆಗ ಇದ್ದದ್ದು ಒಂದೇ ಜಾಗ, ಯೆರೂಸಲೇಮ್. ಊರೂರಿನ ಸಭಾಮಂದಿರದಲ್ಲಿ ಬಲಿ ಕೊಡುವ ಕ್ರಮ ಇರಲಿಲ್ಲ. ಹಾಗಾದರೆ ಅಲ್ಲಿ ಏನು ನಡೆಯುತ್ತಿತ್ತು? ಅದಕ್ಕೆ ಅದೇ ಕಾಲದ ಒಂದು ಕಲ್ಲೇ ಉತ್ತರ ಕೊಡುತ್ತದೆ. ಯೆರೂಸಲೇಮಿನ ದಾವೀದನ ನಗರದಲ್ಲಿ, ಒಂದು ತೊಟ್ಟಿಯೊಳಗೆ ಎಸೆದಿದ್ದ ಕಲ್ಲುಗಳ ನಡುವೆ, 1913ರಲ್ಲಿ ರೇಮಂಡ್ ವೀಲ್ ಅವರಿಗೆ ಒಂದು ಗ್ರೀಕ್ ಶಾಸನ ಸಿಕ್ಕಿತು. ವೆತ್ತೆನೋಸನ ಮಗ ಥಿಯೊಡೋಟಸ್ ಎಂಬ ಯಾಜಕ ಅದನ್ನು ಹಾಕಿಸಿದವನು. ತಾನೂ ಸಭಾಮಂದಿರದ ಮುಖ್ಯಸ್ಥ, ತಂದೆಯೂ ಮುಖ್ಯಸ್ಥ, ತಾತನೂ ಮುಖ್ಯಸ್ಥ ಎಂದು ಮೊದಲು ಮನೆತನ ಹೇಳಿಕೊಳ್ಳುತ್ತಾನೆ. ಆಮೇಲೆ ಈ ಮಂದಿರವನ್ನು ಧರ್ಮಶಾಸ್ತ್ರದ ಓದಿಗೆ ಮತ್ತು ಆಜ್ಞೆಗಳ ಬೋಧನೆಗೆ ಕಟ್ಟಿಸಿದೆ, ಪರವೂರಿನಿಂದ ಬಂದವರಿಗೆ ಕೋಣೆಗಳನ್ನೂ ನೀರಿನ ಅನುಕೂಲವನ್ನೂ ಮಾಡಿಸಿದೆ ಎನ್ನುತ್ತಾನೆ. ಓದು, ಬೋಧನೆ, ಛತ್ರ, ನೀರು. ಬಲಿಯ ಸುದ್ದಿಯೇ ಇಲ್ಲ. ಆದ್ದರಿಂದ ಮಗ್ದಲದ ಕಲ್ಲಿಗೆ ಓದಿನ ಸಂಬಂಧ ಕಲ್ಪಿಸುವುದು ಸಹಜ. ಬಲಿಯ ಸಂಬಂಧ ಕಲ್ಪಿಸುವುದಕ್ಕೆ ಗಟ್ಟಿ ಆಧಾರ ಬೇಕು.

ಪ್ರಶ್ನೆಪೆಟ್ಟಿಗೆ:

ಆದರೆ ಮೆನೋರಾದ ಕೆಳಗಿನ ಆ ಚೌಕವನ್ನು ಬಲಿಪೀಠದ ಚಿತ್ರ ಎನ್ನುವವರೂ ಇದ್ದಾರೆ ಎಂದು ಓದಿದ್ದೇನೆ. ಬಲಿಪೀಠದ ಚಿತ್ರ ಹೊತ್ತ ಕಲ್ಲು ಬಲಿಪೀಠವಲ್ಲ ಎಂದು ಇಷ್ಟು ಖಡಾಖಂಡಿತವಾಗಿ ಹೇಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹಳೆಗಲ್ಲು:

ಮೆನೋರಾದ ಚಿತ್ರ ಹೊತ್ತ ಮಾತ್ರಕ್ಕೆ ಅದನ್ನು ದೀಪಸ್ತಂಭ ಎನ್ನುತ್ತೇವೆಯೇ? ಚಿತ್ರ ದೇವಾಲಯದ್ದು, ಕಲ್ಲು ಊರಿನದ್ದು. ಈ ಎರಡರ ನಡುವಿನ ದೂರವೇ ಇಲ್ಲಿನ ಸ್ವಾರಸ್ಯ.

ಉಳಿಚಾಣ:

ನಾನು ಕಲ್ಲು ಕೆತ್ತುವವನು. ಗ್ರಂಥದ ಮಾತು ನನಗೆ ಬೇಡ, ಕಲ್ಲಿನ ಮಾತು ಹೇಳುತ್ತೇನೆ.

ಮೊದಲನೆಯದು, ಕಾಲುಗಳು. ಯಾರೂ ಗೋಡೆಗೆ ಕಟ್ಟುವ ಅಥವಾ ನೆಲಕ್ಕೆ ಹೂಳುವ ಕಲ್ಲಿಗೆ ಕಾಲು ಬಿಡಿಸುವುದಿಲ್ಲ. ಇಡೀ ದಿಮ್ಮಿಯ ಅಡಿಭಾಗವನ್ನು ತೆಗೆದು ಮೂಲೆಗಳನ್ನಷ್ಟೇ ಉಳಿಸಬೇಕು. ಸಾಮಾನು ಎಂದೇ ಕಾಣಲಿ ಎಂಬ ಉದ್ದೇಶ ಇಲ್ಲದೆ ಅಷ್ಟು ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ.

ಎರಡನೆಯದು, ನಾಲ್ಕೂ ಪಕ್ಕದ ಕೆತ್ತನೆ. ಗೋಡೆಗೆ ಆನಿಸಿ ಇಡುವ ಕಲ್ಲಿನ ಹಿಂಬದಿಯನ್ನು ನಮ್ಮವರು ಒರಟಾಗಿಯೇ ಬಿಡುತ್ತಾರೆ. ಇದನ್ನು ಸುತ್ತಲೂ ಜನ ಕುಳಿತು ನೋಡುತ್ತಿದ್ದರು. ಸುತ್ತ ಜಗಲಿ ಇತ್ತು ಎಂದು ನೀವೇ ಬರೆದಿದ್ದೀರಿ. ಎತ್ತರ 40 ಸೆಂಟಿಮೀಟರ್ ಎಂದರೆ ನಿಂತವನಿಗೆ ಮೊಣಕಾಲಿಗಿಂತ ಕೆಳಗೆ, ಜಗಲಿಯಲ್ಲಿ ಕುಳಿತವನಿಗೆ ನೋಟಕ್ಕೆ ಸರಿಯಾಗಿ.

ಮೂರನೆಯದು, ನನಗೆ ಒಗಟಾಗಿರುವುದು. ಮೇಲ್ಮೈಯಲ್ಲಿ ಅಷ್ಟು ಚೆಂದದ ಹೂವಿದೆ. ಅದರ ಮೇಲೆ ಮರದ ಹಲಗೆಯನ್ನೋ ಕಾಲುಗಳನ್ನೋ ನಿಲ್ಲಿಸಿ ಮೇಜು ಮಾಡಿದರೆ ಆ ಹೂವು ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ಕೆತ್ತಿದವನು ಮುಚ್ಚಲೆಂದು ಹೂ ಬಿಡಿಸುತ್ತಾನೆಯೇ? ಹಾಗೆಂದು ಹಲಗೆ ಇಲ್ಲದೆ ನೇರವಾಗಿ ಸುರುಳಿಯನ್ನು ಇಟ್ಟರೆ ಓದುವವನು ನೆಲದಲ್ಲಿ ಕುಳಿತುಕೊಳ್ಳಬೇಕು. ಒಂದು ಬಟ್ಟೆ ಹಾಸಿದರೆ ಹೂವು ಆಗಲೂ ಮುಚ್ಚುತ್ತದೆ ಎನ್ನಿ. ಆದರೆ ಬಟ್ಟೆಯನ್ನು ತೆಗೆಯಬಹುದು, ಹಲಗೆಯನ್ನು ದಿನಾ ತೆಗೆಯುವುದಿಲ್ಲ.

ತೀರದೂರು:

ನಾನು ಉಡುಪಿ ಕಡೆಯವಳು. ಇಲ್ಲಿ ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆಯ ಕೆಲಸದಲ್ಲಿದ್ದೇನೆ. ನಮ್ಮ ಕರಾವಳಿಯವರು ಇಲ್ಲಿ ಬಹಳ ಜನ ಇದ್ದಾರೆ, ರಜೆ ಕೂಡಿಬಂದಾಗ ಒಟ್ಟಾಗಿ ವ್ಯಾನು ಮಾಡಿಕೊಂಡು ಗಲಿಲಾಯಕ್ಕೆ ಹೋಗುತ್ತೇವೆ. ಮಗ್ದಲವನ್ನೂ ನೋಡಿದ್ದೇನೆ.

ಅಲ್ಲಿ ಮಂದಿರದ ನಡುವೆ ಇಟ್ಟಿರುವುದು ಪ್ರತಿಕೃತಿ. ಅದನ್ನು ಅಲ್ಲೇ ಇಟ್ಟಿರುವುದು ಒಳ್ಳೆಯದೇ ಆಯಿತು, ಯಾಕೆಂದರೆ ಅಳತೆ ಗೊತ್ತಾಗುತ್ತದೆ. ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ. ಎದುರಿಗೆ ನಿಂತರೆ ಇಷ್ಟೇ ಇಷ್ಟು! ನಮ್ಮ ಗುಂಪಿನಲ್ಲಿದ್ದ ಒಬ್ಬರು ಇದು ಕೂರುವ ಮಣೆ ಎಂದೇ ತಿಳಿದಿದ್ದರು. ಉಳಿಚಾಣ ಅವರು ಜಗಲಿಯ ಮಾತು ಹೇಳಿದ್ದಾರಲ್ಲ, ಅದು ಅಲ್ಲಿ ನಿಂತರೆ ತಾನಾಗಿ ಹೊಳೆಯುತ್ತದೆ. ಬೇಲಿಯ ಹೊರಗಿನಿಂದ ನೋಡುವ ನಮಗೆ ಮೇಲ್ಮೈ ಮಾತ್ರ ಚೆನ್ನಾಗಿ ಕಾಣುತ್ತದೆ. ಪಕ್ಕದ ಕಮಾನುಗಳು ಕಾಣಬೇಕಾದರೆ ಬಗ್ಗಬೇಕು.

ಹತ್ತಿರದಲ್ಲೇ ಹೊಸ ಚಾಪೆಲ್ ಇದೆ, ಅದರ ಬಲಿಪೀಠವನ್ನು ದೋಣಿಯ ಆಕಾರದಲ್ಲಿ ಮಾಡಿದ್ದಾರೆ. ಪ್ರಶ್ನೆಪೆಟ್ಟಿಗೆಯವರೇ, ನಿಮಗೆ ಬಲಿಪೀಠ ಬೇಕಿದ್ದರೆ ಅದಿದೆ.

ಇನ್ನೊಂದು ಮಾತು. ಸರೋವರದ ಸುತ್ತ ಎಲ್ಲಿ ನೋಡಿದರೂ ಕಪ್ಪು ಕಲ್ಲು. ಖೊರಾಜಿನ್ ಎಂಬ ಊರಿಗೂ ಹೋಗಿದ್ದೆ, ಅಲ್ಲಿ ಇಡೀ ಊರೇ ಕಪ್ಪು. ಅಲ್ಲೂ ಒಂದು ಕಲ್ಲಿನ ಕುರ್ಚಿ ಇದೆ, ಮಾರ್ಗದರ್ಶಿ ಅದನ್ನು ಮೋಶೆಯ ಪೀಠ ಎಂದರು. ಮತ್ತಾಯನ ಸುವಾರ್ತೆಯಲ್ಲಿ ಬರುವ ಮೋಶೆಯ ಪೀಠ ಅದೇ ಎಂದೂ ಹೇಳಿದರು. ಹೌದೇ?

ಹಳೆಗಲ್ಲು:

ತೀರದೂರು ಅವರೇ, ಖೊರಾಜಿನ್ನಿನಲ್ಲಿ ನೀವು ನೋಡಿದ ಕುರ್ಚಿಯೂ ಪ್ರತಿಕೃತಿಯೇ. ಮೂಲ ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ. 1926ರಲ್ಲಿ ಸಿಕ್ಕಿತು. ಬಸಾಲ್ಟ್ ಎಂಬ ಆ ಕಪ್ಪು ಕಲ್ಲಿನ ಒಂದೇ ಬಂಡೆಯಿಂದ ತೆಗೆದ ಕುರ್ಚಿ. ಎರಡು ಕೈ, ಬೆನ್ನಿಗೆ ಆನಿಸುವ ಭಾಗ, ಅದರ ಮೇಲೆ ವೃತ್ತದೊಳಗೆ ಒಂದು ಹೂವು. ಮತ್ತಾಯ 23ರಲ್ಲಿ ‘ಶಾಸ್ತ್ರಿಗಳೂ ಫರಿಸಾಯರೂ ಮೋಶೆಯ ಪೀಠದಲ್ಲಿ ಕುಳಿತಿದ್ದಾರೆ’ ಎಂಬ ಮಾತು ಬರುತ್ತದೆ, ನಿಜ. ಆದರೆ ಖೊರಾಜಿನ್ನಿನ ಸಭಾಮಂದಿರ ಆ ಸುವಾರ್ತೆಗಿಂತ ಬಹಳ ಈಚಿನದು, ಕೆಲವು ಶತಮಾನಗಳಷ್ಟು. ಅದೇ ಕುರ್ಚಿ ಎನ್ನುವುದು ಯಾತ್ರಿಕರನ್ನು ಮೆಚ್ಚಿಸುವ ಮಾತು.

ಕುರ್ಚಿಯ ಮುಂಭಾಗದಲ್ಲಿ ಅರಾಮಿಕ್ ಭಾಷೆಯ ನಾಲ್ಕು ಸಾಲಿದೆ. ಅದರ ಭಾವಾರ್ಥ ಹೀಗೆ: ಇಷ್ಮಾಯೇಲನ ಮಗ ಯೂದಾನ್‌ನನ್ನು ಒಳ್ಳೆಯದಕ್ಕಾಗಿ ನೆನೆಯೋಣ, ಈ ಕಂಬಸಾಲನ್ನೂ ಅದರ ಮೆಟ್ಟಿಲುಗಳನ್ನೂ ಮಾಡಿಸಿದವನು ಅವನು, ಈ ಕೆಲಸಕ್ಕಾಗಿ ನೀತಿವಂತರ ಜೊತೆಗೆ ಅವನಿಗೂ ಪಾಲು ಸಿಗಲಿ.

ಈಗ ಗಮನಿಸಿ. ಶಾಸನ ಇರುವುದು ಕುರ್ಚಿಯ ಮೇಲೆ. ಶಾಸನದಲ್ಲಿ ಕುರ್ಚಿಯ ಹೆಸರೇ ಇಲ್ಲ! ಕಂಬಸಾಲು, ಮೆಟ್ಟಿಲು, ಅಷ್ಟೇ. ನಮ್ಮೂರಿನ ದಾನಶಾಸನದಲ್ಲಾದರೆ ಗದ್ದೆಯ ಗಡಿಯಲ್ಲಿನ ಹುಣಸೆಮರವನ್ನೂ ಬಿಡದೆ ಬರೆಯುತ್ತಾರೆ. ಯೂದಾನ್ ಕುರ್ಚಿಯನ್ನು ಬೇರೆಯಾಗಿ ಎಣಿಸಲಿಲ್ಲವೋ, ಕುರ್ಚಿ ಮೊದಲೇ ಅಲ್ಲಿತ್ತೋ, ಊರಿನವರು ಎಲ್ಲರ ಕಣ್ಣಿಗೂ ಬೀಳುವ ಜಾಗವೆಂದು ಅವನ ಹೆಸರನ್ನು ಅದರ ಮೇಲೆ ಕೆತ್ತಿಸಿದರೋ? ನನಗೆ ಕೊನೆಯದೇ ಸರಿ ಎನಿಸುತ್ತದೆ. ಓದು ನಡೆಯುವಾಗ ಎಲ್ಲರ ಮುಖ ಯಾವ ಕಡೆಗಿತ್ತೋ ದಾನಿಯ ಹೆಸರು ಅಲ್ಲಿ.

ಎರಡನೆಯ ಓದು:

ಕುರ್ಚಿಯ ಬಗ್ಗೆ ಇನ್ನೊಂದು ಪಕ್ಷವಿದೆ, ಅದು ಇಲ್ಲಿ ಬರಲೇಬೇಕು. ಇದರಲ್ಲಿ ಮನುಷ್ಯರು ಕೂರುತ್ತಲೇ ಇರಲಿಲ್ಲ, ತೋರಾದ ಸುರುಳಿಯನ್ನು ಇಡುತ್ತಿದ್ದರು ಎಂದು ಸೆಸಿಲ್ ರಾತ್ ಮತ್ತು ಅವರ ನಂತರ ಲೇವಿ ರಹ್ಮಾನಿ ವಾದಿಸಿದ್ದಾರೆ. ಕೇಳಲು ವಿಚಿತ್ರ ಎನಿಸಿದರೂ ಬುಡವಿಲ್ಲದ ಮಾತಲ್ಲ. ಚೀನಾದ ಕೈಫೆಂಗ್ ಊರಿನಲ್ಲಿ ಒಂದು ಯೆಹೂದಿ ಸಮುದಾಯವಿತ್ತು. ಅವರ ಸಭಾಮಂದಿರದ ಒಳಗನ್ನು ಜೆಸ್ಯೂಟ್ ಪಾದ್ರಿ ಜಾನ್ ದೊಮಾಂಜ್ 1722ರಲ್ಲಿ ರೇಖಿಸಿದ್ದಾರೆ. ಆ ರೇಖಾಚಿತ್ರದಲ್ಲಿ ‘ಮೋಶೆಯ ಪೀಠ’ ಎಂಬುದಿದೆ, ಅದರ ಮೇಲೆ ಇಡುತ್ತಿದ್ದದ್ದು ಸುರುಳಿಯನ್ನು, ಓದಲು.

ಹಾಗೆಂದು ಕೈಫೆಂಗನ್ನು ಖೊರಾಜಿನ್ನಿನ ಮೇಲೆ ಹೇರುವಂತಿಲ್ಲ. ನಡುವೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ, ಅರ್ಧ ಭೂಖಂಡ. ಅತ್ತ ‘ಪೆಸಿಕ್ತಾ ದೆ-ರವ್ ಕಹನಾ’ ಎಂಬ ಪ್ರವಚನ ಸಂಗ್ರಹದಲ್ಲಿ ಸೊಲೊಮೋನನ ಸಿಂಹಾಸನದ ವರ್ಣನೆ ಬಂದಾಗ ‘ಮೋಶೆಯ ಕಥೆದ್ರದ ಹಾಗೆ’ ಎಂಬ ಹೋಲಿಕೆ ಬರುತ್ತದೆ. ಕಥೆದ್ರ ಎಂದರೆ ಗ್ರೀಕಿನಲ್ಲಿ ಕುರ್ಚಿ. ಅಂದರೆ ಕೇಳುಗರಿಗೆ ಅದು ಕಣ್ಣಿಗೆ ಕಂಡ ವಸ್ತು, ವಿವರಿಸಬೇಕಾಗಿರಲಿಲ್ಲ. ಕುಳಿತುಕೊಳ್ಳುವ ಸಿಂಹಾಸನಕ್ಕೆ ಅದನ್ನು ಹೋಲಿಸಿದ್ದಾರೆ. ಈ ಕಾರಣಕ್ಕೆ ನಾನು ಕೂರುವ ಪಕ್ಷದವನು. ತಿಬೇರಿಯದ ಹಮ್ಮತ್‌ನಲ್ಲಿ, ಗ್ರೀಸಿನ ದೇಲೊಸ್ ದ್ವೀಪದಲ್ಲಿ ಸಭಾಮಂದಿರವೆಂದು ಗುರುತಿಸಿರುವ ಕಟ್ಟಡದಲ್ಲಿ ಕೂಡ ಇಂಥ ಆಸನಗಳು ಸಿಕ್ಕಿವೆ. ದೇಲೊಸಿನದು ಅಮೃತಶಿಲೆಯದು, ಜಗಲಿಗಳ ಸಾಲಿನ ನಡುವೆ ಇದ್ದ ಜಾಗದಲ್ಲಿಯೇ ಇದೆ. ಜಗಲಿಯ ಮೇಲೆ ಜನ, ನಡುವಿನ ಕುರ್ಚಿಯ ಮೇಲೆ ಸುರುಳಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆಪೆಟ್ಟಿಗೆ:

ಇದೆಲ್ಲ ಸರಿ. ಆದರೆ ‘ಕೆತ್ತಿದ ವಿಗ್ರಹವನ್ನು ಮಾಡಿಕೊಳ್ಳಬೇಡ’ ಎಂಬುದು ಅವರ ಹತ್ತು ಆಜ್ಞೆಗಳಲ್ಲೇ ಇದೆ. ಹಾಗಿದ್ದೂ ಖೊರಾಜಿನ್ನಿನ ಸಭಾಮಂದಿರದಲ್ಲಿ ಮೆದೂಸಾಳ ತಲೆ ಕೆತ್ತಿದ್ದಾರೆ. ತಲೆಯಲ್ಲಿ ಹಾವುಗಳಿರುವ ಗ್ರೀಕ್ ರಾಕ್ಷಸಿ! ಇದನ್ನು ಹೇಗೆ ಜೀರ್ಣಿಸಿಕೊಳ್ಳುವುದು?

ಎರಡನೆಯ ಓದು:

ಆ ಕಾಲದ ಯೆಹೂದ್ಯರೇ ಇದನ್ನು ಕೇಳಿಕೊಂಡಿದ್ದಾರೆ, ನಗುನಗುತ್ತ ಉತ್ತರವನ್ನೂ ಕೊಟ್ಟುಕೊಂಡಿದ್ದಾರೆ. ಮಿಷ್ನಾ ಎಂಬ ಅವರ ಹಳೆಯ ವಿಧಿಸಂಗ್ರಹದಲ್ಲಿ ಒಂದು ಪ್ರಸಂಗ. ಹಿರಿಯ ವಿದ್ವಾಂಸ ರಬ್ಬಾನ್ ಗಮಲಿಯೇಲ್ ಅಕ್ಕೊ ಪಟ್ಟಣದಲ್ಲಿ ಅಫ್ರೊಡೈಟಿಯ ಸ್ನಾನಗೃಹದಲ್ಲಿ ಮೀಯುತ್ತಿದ್ದಾನೆ. ವಿಗ್ರಹವಿರುವ ಜಾಗದಲ್ಲಿ ನೀನು ಹೇಗೆ ಮೀಯುತ್ತೀಯೆ ಎಂದು ಒಬ್ಬ ಕೇಳುತ್ತಾನೆ. ಸ್ನಾನಗೃಹದೊಳಗೆ ಉತ್ತರಿಸುವಂತಿಲ್ಲ ಎಂದು ಹೊರಗೆ ಬಂದ ಮೇಲೆ ಗಮಲಿಯೇಲ್ ಹೇಳುತ್ತಾನೆ: ಅವಳ ಎಲ್ಲೆಗೆ ನಾನು ಹೋಗಲಿಲ್ಲ, ನನ್ನ ಎಲ್ಲೆಗೆ ಅವಳು ಬಂದಳು. ಅಫ್ರೊಡೈಟಿಗೆ ಅಲಂಕಾರವಾಗಲೆಂದು ಯಾರೂ ಸ್ನಾನಗೃಹ ಕಟ್ಟುವುದಿಲ್ಲ, ಸ್ನಾನಗೃಹಕ್ಕೆ ಅಲಂಕಾರವಾಗಲೆಂದು ಅಫ್ರೊಡೈಟಿಯನ್ನು ಇಡುತ್ತಾರೆ.

ಕಲ್ಲಿಗೆ ಸಂಬಂಧಿಸಿದ ಮಾತು ಇನ್ನೂ ನೇರವಾಗಿದೆ. ಬೈಬಲಿನ ಯಾಜಕಕಾಂಡ 26ರ ಮೊದಲ ವಚನ ಚಿತ್ರ ಕೆತ್ತಿದ ಕಲ್ಲನ್ನು ಅಡ್ಡಬೀಳುವುದಕ್ಕಾಗಿ ನಿಮ್ಮ ನಾಡಿನಲ್ಲಿ ಇಡಬಾರದು ಎನ್ನುತ್ತದೆ. ಅದರ ಒಂದು ಅರಾಮಿಕ್ ಅನುವಾದ, ಯೋನಾಥಾನನ ಹೆಸರಿನದು, ಮೂಲದಲ್ಲಿಲ್ಲದ ಒಂದು ವಾಕ್ಯವನ್ನು ಅಲ್ಲೇ ಸೇರಿಸಿಬಿಡುತ್ತದೆ: ನಿಮ್ಮ ಪವಿತ್ರಸ್ಥಳಗಳ ನೆಲದಲ್ಲಿ ಚಿತ್ರಗಳಿರುವ ಹಾಸುಗಲ್ಲು ಹಾಕಬಹುದು, ಅದಕ್ಕೆ ಅಡ್ಡಬೀಳುವುದು ಮಾತ್ರ ಕೂಡದು. ಊರೂರಿನ ಮಂದಿರಗಳಲ್ಲಿ ಆಗಲೇ ಚಿತ್ರಗಳಿದ್ದವು, ಅನುವಾದಕ ಅದಕ್ಕೊಂದು ಬಾಗಿಲು ತೆಗೆದಿಟ್ಟ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೂ ಸೂಕ್ಷ್ಮದ್ದು ಏಳು ಕವಲಿನ ಮೆನೋರಾದ ಪ್ರಶ್ನೆ. ದೇವಾಲಯದ ಮಾದರಿಯಲ್ಲಿ ಮನೆ ಕಟ್ಟಬಾರದು, ಅಲ್ಲಿನ ಮೇಜಿನ ಮಾದರಿಯಲ್ಲಿ ಮೇಜು ಮಾಡಬಾರದು, ಮೆನೋರಾದ ಮಾದರಿಯಲ್ಲಿ ಮೆನೋರಾ ಮಾಡಬಾರದು ಎಂದು ಬಾಬಿಲೋನಿನ ತಾಲ್ಮುದ್, ಅಂದರೆ ಮಿಷ್ನಾದ ಮೇಲಿನ ವಿದ್ವಾಂಸರ ಚರ್ಚೆಗಳ ಸಂಗ್ರಹ, ವಿಧಿಸುತ್ತದೆ. ಐದು, ಆರು, ಎಂಟು ಕವಲಿನದು ಆಗಬಹುದು. ಏಳಾದರೆ ಬೇರೆ ಲೋಹದಲ್ಲಿಯೂ ಕೂಡದು. ಯೆಹೂದನ ಮಗ ಯೋಸೆ ಮರದಲ್ಲಿಯೂ ಬೇಡ ಎಂದು ಬಿಗಿಮಾಡುತ್ತಾನೆ. ಕಲ್ಲಿನ ಹೆಸರನ್ನು ಯಾರೂ ಎತ್ತಲಿಲ್ಲ!

ಉಳಿಚಾಣ:

ಎತ್ತದಿದ್ದದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಹಮ್ಮತ್ ತಿಬೇರಿಯದ ಮೆನೋರಾ ಹುಟ್ಟುತ್ತಲೇ ಇರಲಿಲ್ಲ. 1920ರ ದಶಕದ ಆರಂಭದಲ್ಲಿ ನಾಹುಮ್ ಸ್ಲೌಷ್ ಅಗೆದಾಗ ಸಿಕ್ಕಿದ್ದು, ಯೆಹೂದಿ ಸಂಸ್ಥೆಯೊಂದು ಆ ನೆಲದಲ್ಲಿ ನಡೆಸಿದ ಮೊದಲ ಉತ್ಖನನ ಅದೇ ಎನ್ನುತ್ತಾರೆ. ಸುಣ್ಣಕಲ್ಲಿನ ಹಲಗೆ, ಸುಮಾರು 60 ಸೆಂಟಿಮೀಟರ್ ಅಗಲ, 46 ಎತ್ತರ. ಕವಲುಗಳ ಉದ್ದಕ್ಕೂ ದಾಳಿಂಬೆಯಂಥ ಗುಂಡು, ಹೂವಿನ ಬಟ್ಟಲು, ಮತ್ತೆ ಗುಂಡು, ಮತ್ತೆ ಬಟ್ಟಲು. ವಿಮೋಚನಕಾಂಡದಲ್ಲಿ ಗುಂಡು ಮತ್ತು ಹೂವು ಎಂದು ಹೇಳಿದ್ದನ್ನು ಕೆತ್ತಿದವನು ಹಾಗೆಯೇ ಇಳಿಸಿದ್ದಾನೆ.

ನನ್ನ ಕಣ್ಣು ಹೋದದ್ದು ಮೇಲಿನ ಅಂಚಿಗೆ. ಪ್ರತಿ ಕವಲಿನ ತುದಿಗೂ ಒಂದೊಂದರಂತೆ ಏಳು ತೋಡು ತೆಗೆದಿದ್ದಾನೆ. ಅಲ್ಲಿ ಹಣತೆ ಕೂರಬೇಕು. ಬರಿಯ ಚಿತ್ರವಾಗಿದ್ದರೆ ಮೇಲಿನಿಂದ ಮಾತ್ರ ಕಾಣುವ ಜಾಗದಲ್ಲಿ ತೋಡು ಯಾಕೆ? ಮಗ್ದಲದಲ್ಲಿ ಮೆನೋರಾ ಚಿತ್ರವಾಗಿತ್ತು. ಇಲ್ಲಿ ಚಿತ್ರವೇ ಉಪಕರಣವಾಯಿತು. ನಡುವೆ ಆದದ್ದು ಕ್ರಿ.ಶ. 70ರಲ್ಲಿ ದೇವಾಲಯ ಸುಟ್ಟುಹೋದದ್ದು.

ಬಸಾಲ್ಟಿನಲ್ಲಿ ಇಂಥ ಗುಂಡು ಬಟ್ಟಲು ತೆಗೆಯುವುದು ಕಷ್ಟ. ಆ ಕಲ್ಲು ಗಡುಸು, ಮೈಯಲ್ಲಿ ಗುಳಿಗಳು. ಚೂಪಾದ ಅಂಚು ತೆಗೆಯಲು ಹೋದರೆ ಗುಳಿ ಸಿಕ್ಕಿ ಅಂಚು ಹಾರಿಹೋಗುತ್ತದೆ. ಖೊರಾಜಿನ್ನಿನ ಶಿಲ್ಪಗಳು ಗುಂಡುಗುಂಡಾಗಿ, ತುಸು ಮೊದ್ದಾಗಿ ಕಾಣುವುದಕ್ಕೆ ಶಿಲ್ಪಿಯನ್ನು ದೂರಬೇಡಿ.

ಹಳೆಗಲ್ಲು:

ಉಳಿಚಾಣ ಅವರ ತೋಡಿನ ಮಾತು ನನ್ನ ವಾದಕ್ಕೆ ಬಲ ಕೊಡುತ್ತದೆ. ಈಗ ನಾನು ಮೊದಲಿನಿಂದ ಬರೆಯಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ಈ ಪವಿತ್ರ ಕಲ್ಲುಗಳಲ್ಲಿ ಎಷ್ಟೋ ನಮಗೆ ಸಿಕ್ಕಿರುವುದು ಅವುಗಳ ಎರಡನೆಯ ಜನ್ಮದಲ್ಲಿ.

ಮೇಲಿನ ಗಲಿಲಾಯದ ನಬ್ರತೈನ್‌ನಲ್ಲಿ 1981ರಲ್ಲಿ ಎರಿಕ್ ಮತ್ತು ಕ್ಯಾರಲ್ ಮೇಯರ್ಸ್ ದಂಪತಿಗಳ ತಂಡಕ್ಕೆ ತೋರಾ ಸುರುಳಿಗಳನ್ನಿಡುವ ಪೆಟ್ಟಿಗೆಯ, ಅಂದರೆ ಮಂಜೂಷದ, ಕಲ್ಲಿನ ಶಿಖರಭಾಗ ಸಿಕ್ಕಿತು. ಇಳಿಜಾರು ಸೂರಿನ ಎರಡು ಕಡೆ ಹಾರಲು ಸಜ್ಜಾದ ಸಿಂಹಗಳು, ನಡುವೆ ಶಂಖದ ಚಿಪ್ಪಿನ ಕಮಾನು, ಚಿಪ್ಪಿನ ನೆತ್ತಿಯಲ್ಲಿ ಒಂದು ರಂಧ್ರ. ಸರಪಳಿಯಿಂದ ನಂದಾದೀಪವನ್ನು ತೂಗುಹಾಕಲು ಆ ರಂಧ್ರ. ಕಳೆದುಹೋದ ಮಂಜೂಷವನ್ನು ಹುಡುಕುವ ಹಾಲಿವುಡ್ ಸಿನಿಮಾ ಅದೇ ಬೇಸಿಗೆಯಲ್ಲಿ ಬಿಡುಗಡೆಯಾಗಿತ್ತು. ಪತ್ರಿಕೆಗಳಿಗೆ ಇನ್ನೇನು ಬೇಕು? ಆದರೆ ನನಗೆ ಸಿಂಹಗಳಿಗಿಂತ ಅದು ಸಿಕ್ಕ ಜಾಗ ಮುಖ್ಯ. ಹಿಂದಿನ ಮಂದಿರದ ಆ ಕಲ್ಲನ್ನು ಮುಂದಿನ ಮಂದಿರದ ಓದುವ ವೇದಿಕೆಯೊಳಗೆ ತುಂಬುಗಲ್ಲಾಗಿ ಹಾಕಿದ್ದರು.

ಸರೋವರದ ದಂಡೆಯ ಖಪೆರ್ನೌಮ್ ಊರಿನ ಪಶ್ಚಿಮಕ್ಕಿರುವ ಹೊರ್ವತ್ ಕೂರ್‌ನಲ್ಲಿ 2012ರಲ್ಲಿ ಮಗ್ದಲದ ಕಲ್ಲನ್ನು ನೆನಪಿಸುವ ಒಂದು ಬಸಾಲ್ಟ್ ಕಲ್ಲು ಸಿಕ್ಕಿತು. ಕಾಲುಗಳಿವೆ, ಕೆತ್ತನೆ ಇದೆ. ಅದನ್ನೂ ಬೇರೆ ಕೆಲಸಕ್ಕೆ ಮರುಬಳಕೆ ಮಾಡಲಾಗಿತ್ತು.

ಇನ್ನು ತುರ್ಕಿಯ ಸಾರ್ದಿಸ್. 1962ರಲ್ಲಿ ಹಾರ್ವರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ತಂಡ ಕಂಡುಹಿಡಿದ ಭಾರಿ ಸಭಾಮಂದಿರ. ಸಭಾಂಗಣದಲ್ಲಿ ಅಮೃತಶಿಲೆಯ ದೊಡ್ಡ ಮೇಜು. ಮೇಜಿನ ಎರಡು ಕಾಲುಗಳ ಮೇಲೆ ಸಿಡಿಲನ್ನು ಉಗುರಿನಲ್ಲಿ ಹಿಡಿದ ರೋಮನ್ ಹದ್ದುಗಳು. ಪಕ್ಕದಲ್ಲಿ ಕಾವಲಿಗೆ ಜೋಡಿ ಸಿಂಹಗಳು, ಅವು ಇನ್ನೂ ಹಳೆಯವು, ಲಿದಿಯ ರಾಜ್ಯದ ಕಾಲದವು. ಹದ್ದುಗಳೂ ಮೇಜಿಗಾಗಿ ಕೆತ್ತಿದವಲ್ಲ, ಯಾವುದೋ ರೋಮನ್ ಕಟ್ಟಡದಿಂದ ಬಂದವು. ಹದ್ದುಗಳ ತಲೆ ಈಗ ಇಲ್ಲ. ಅಂದರೆ ಯಾರದೋ ಸಾಮ್ರಾಜ್ಯದ ಹದ್ದಿನ ಮೇಲೆ ಇವರು ತಮ್ಮ ಶಾಸ್ತ್ರವನ್ನು ಇಟ್ಟು ಓದಿದರು!

ಒಂದು ಕಡೆ ತಮ್ಮದೇ ಪವಿತ್ರ ಕಲ್ಲನ್ನು ತುಂಬುಗಲ್ಲಾಗಿ ಬಳಸಿದರು. ಇನ್ನೊಂದು ಕಡೆ ಪರರ ಕಲ್ಲನ್ನು ಪವಿತ್ರ ಕೆಲಸಕ್ಕೆ ಏರಿಸಿದರು. ಕಲ್ಲಿಗೆ ಹುಟ್ಟಿನಿಂದ ಬಂದ ಮಡಿ ಏನೂ ಇಲ್ಲ, ಕೆಲಸ ಇರುವಷ್ಟು ದಿನ ಮಾತ್ರ.

ಎರಡನೆಯ ಓದು:

ನಬ್ರತೈನಿನ ವಿಷಯದಲ್ಲಿ ನಿಮ್ಮ ತೀರ್ಮಾನ ಅವಸರದ್ದು. ತುಂಬುಗಲ್ಲು ಎಂದು ಅಸಡ್ಡೆಯಿಂದ ಹೇಳಬೇಡಿ. ಓದಲಾಗದಷ್ಟು ಸವೆದ ಸುರುಳಿಗಳನ್ನೂ ಅವರು ಎಸೆಯುವುದಿಲ್ಲ, ಗೆನೀಜಾದಲ್ಲಿ, ಅಂದರೆ ಹಳೆಯ ಪವಿತ್ರ ಬರಹಗಳನ್ನು ಕೂಡಿಡುವ ಕೋಣೆಯಲ್ಲಿ, ಇಡುತ್ತಾರೆ ಅಥವಾ ಹೂಳುತ್ತಾರೆ. ಮಂಜೂಷದ ಶಿಖರ ಒಡೆದ ಮೇಲೆ ಅದನ್ನು ಓದುವ ವೇದಿಕೆಯೊಳಗೇ ಇಟ್ಟಿದ್ದಾರೆ, ಊರಿನ ಯಾರದೋ ದನದ ಕೊಟ್ಟಿಗೆಗೆ ಹಾಕಲಿಲ್ಲ. ತೋರಾವನ್ನು ಹೊತ್ತ ಕಲ್ಲು ಮತ್ತೆ ತೋರಾ ಓದುವ ಜಾಗಕ್ಕೇ ಹೋಯಿತು. ಇದು ಗೌರವದ ಸಮಾಧಿ.

ಅದೇ ಮಂದಿರದ ಬಾಗಿಲ ಮೇಲಿನ ತೊಲೆಗಲ್ಲನ್ನು ನೋಡಿ. ದೇವಾಲಯ ನಾಶವಾಗಿ 494 ವರ್ಷಕ್ಕೆ, ಅಂದರೆ ಕ್ರಿ.ಶ. 564ರಲ್ಲಿ, ಈ ಮನೆ ಕಟ್ಟಲಾಯಿತು ಎಂದು ಅದರ ಮೇಲೆ ಬರೆದಿದೆ. ಆ ತೊಲೆಯೂ ಹಳೆಯ ಮಂದಿರದ್ದೇ, ಶಾಸನ ಮಾತ್ರ ಹೊಸದು. ಕಾಲವನ್ನೇ ದೇವಾಲಯ ಬಿದ್ದ ದಿನದಿಂದ ಎಣಿಸುವ ಜನ ಹಳೆಯ ಕಲ್ಲನ್ನು ಬರಿಯ ಕಲ್ಲೆಂದು ನೋಡಿದರು ಎಂದರೆ ನಾನು ನಂಬುವುದಿಲ್ಲ.

ಹಳೆಗಲ್ಲು:

ತೊಲೆಯನ್ನು ಕಾಣುವಂತೆ ಇಟ್ಟರು, ಸಿಂಹಗಳನ್ನು ಕಾಣದಂತೆ ಇಟ್ಟರು. ನೀವು ಎರಡನ್ನೂ ಗೌರವ ಎನ್ನುತ್ತೀರಿ. ಕಾಣುವಂತಿಟ್ಟರೂ ಗೌರವ, ಹೂತರೂ ಗೌರವ ಎಂದಾದರೆ ಗೌರವವಿಲ್ಲದ ಮರುಬಳಕೆಯನ್ನು ಗುರುತಿಸುವುದು ಹೇಗೆ?

ಉಳಿಚಾಣ:

ಇಬ್ಬರೂ ಒಂದು ಮರೆತಿದ್ದೀರಿ. ಅಷ್ಟು ಭಾರದ, ಒಂದು ಬದಿ ಚೆನ್ನಾಗಿ ಮಟ್ಟವಿರುವ ಕಲ್ಲು ಕೆಲಸದ ಜಾಗದಲ್ಲೇ ಬಿದ್ದಿರುವಾಗ ಯಾವ ಮೇಸ್ತ್ರಿಯೂ ಬೆಟ್ಟಕ್ಕೆ ಗಾಡಿ ಕಳಿಸುವುದಿಲ್ಲ. ಗೌರವವೂ ಇದ್ದೀತು, ಕೂಲಿಯ ಲೆಕ್ಕವೂ ಇದ್ದೀತು.

ತೀರದೂರು:

ನನ್ನದೊಂದು ಸಂದೇಹ. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅಮೃತಶಿಲೆಯ ಜಾಲರಿ ಹಲಗೆಗಳನ್ನು ನೋಡಿದೆ. ನಮ್ಮ ಇಗರ್ಜಿಯಲ್ಲಿ ಬಲಿಪೀಠದ ಮುಂದೆ ಇರುತ್ತಿದ್ದ ಅಡ್ಡಗಟ್ಟಿನ ಹಾಗೆಯೇ ಇತ್ತು. ಆದರೆ ಬರೆದಿದ್ದದ್ದು ಸಿನಗಾಗಿನದು, ಅಂದರೆ ಯೆಹೂದಿ ಸಭಾಮಂದಿರದ್ದು, ಎಂದು. ಹೆಂಗಸರನ್ನು ಬೇರೆ ಕೂರಿಸಲು ಅದನ್ನು ಇಡುತ್ತಿದ್ದರೇ?

ಎರಡನೆಯ ಓದು:

ಹೆಂಗಸರಿಗಾಗಿ ಅಲ್ಲ. ಅವು ನಿಲ್ಲುತ್ತಿದ್ದದ್ದು ತೋರಾ ಮಂಜೂಷ ಇರುವ ವೇದಿಕೆಯ ಮುಂದೆ, ಎತ್ತರವೂ ಸೊಂಟದ ಮಟ್ಟದ್ದು. ಅಂಥದ್ದರಿಂದ ಯಾರನ್ನೂ ಮರೆಮಾಡಲಾಗದು. ಪ್ರಾಚೀನ ಸಭಾಮಂದಿರಗಳಲ್ಲಿ ಹೆಂಗಸರಿಗೆ ಬೇರೆ ಜಾಗ ಇತ್ತು ಎಂಬುದಕ್ಕೆ ಅಗೆತದಲ್ಲಿ ಖಚಿತ ಕುರುಹು ಸಿಕ್ಕಿಲ್ಲ.

ನೀವು ಇಗರ್ಜಿಯನ್ನು ನೆನೆದದ್ದು ಸರಿಯೇ. ಹಮ್ಮತ್ ಗಾದೆರ್‌ನ ಬಿಸಿನೀರಿನ ಬುಗ್ಗೆಗಳ ಬಳಿ ಎಲಿಯೇಜರ್ ಸುಕೆನಿಕ್ 1932ರಲ್ಲಿ ಅಗೆದ ಮಂದಿರದ ಹಲಗೆಯನ್ನು ನೋಡಿ. ನಡುವೆ ಎಲೆಗಳ ಹಾರ, ಹಾರದ ಗಂಟಿನಿಂದ ಎರಡೂ ಕಡೆಗೆ ಹರಿಯುವ ರಿಬ್ಬನ್ನು. ಅದೇ ಕಾಲದ ಇಗರ್ಜಿಗಳಲ್ಲೂ ಇದೇ ಹಾರ, ಇದೇ ರಿಬ್ಬನ್ನು. ಹಾರದೊಳಗೆ ಅಲ್ಲಿ ಶಿಲುಬೆ, ಇಲ್ಲಿ ಮೆನೋರಾ. ಅಮೃತಶಿಲೆ ಆ ನಾಡಿನಲ್ಲಿ ಹುಟ್ಟುವುದಿಲ್ಲ, ಸಮುದ್ರ ದಾಟಿ ಬರಬೇಕು. ಒಂದೇ ಕಾರ್ಖಾನೆ ಎರಡೂ ಗಿರಾಕಿಗಳಿಗೆ ಹಲಗೆ ಮಾಡಿಕೊಟ್ಟಿರಬೇಕು ಎಂಬ ಊಹೆ ಬಹುಕಾಲದಿಂದ ಇದೆ, ನನಗೂ ಅದು ಒಪ್ಪಿಗೆ.

ಉಳಿಚಾಣ:

ಆ ಊಹೆ ಬೇಕೇ ಇಲ್ಲ. ನಡುವಿನ ವೃತ್ತ ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಮೊದಲೇ ಮುಗಿಸಿಡುವುದು ನಾವೂ ಮಾಡುವ ಕೆಲಸ. ಗಿರಾಕಿ ಬಂದ ಮೇಲೆ ನಡುವೆ ಏನು ಬೇಕೋ ಅದನ್ನು ಹಾಕಿಕೊಡುತ್ತೇವೆ.

ಪ್ರಶ್ನೆಪೆಟ್ಟಿಗೆ:

ಹಾಗಾದರೆ ಮಗ್ದಲದ ಕಲ್ಲು ಕೊನೆಗೆ ಏನು? ಮೇಜೋ, ಬುಡವೋ? ಒಂದು ಪಕ್ಷಕ್ಕೆ ಬನ್ನಿ.

ಹಳೆಗಲ್ಲು:

ನನ್ನ ಪಕ್ಷ ಇದು. ಅದು ಸುರುಳಿಗೆ ಸಂಬಂಧಿಸಿದ ಸಾಮಾನು, ಸ್ವತಂತ್ರವಾಗಿ ನಿಲ್ಲುವಂಥದ್ದು, ಕುಳಿತ ಜನರ ನಡುವೆ ಇಟ್ಟದ್ದು. ಮೇಲೆ ಶಾಶ್ವತವಾದ ಹಲಗೆ ಇತ್ತು ಎಂಬುದನ್ನು ಉಳಿಚಾಣ ಅವರ ಹೂವಿನ ಪ್ರಶ್ನೆಗೆ ಉತ್ತರ ಸಿಗುವವರೆಗೆ ಒಪ್ಪುವುದಿಲ್ಲ. ಕೆತ್ತನೆ ದೇವಾಲಯವನ್ನು ನೆನಪಿಸುತ್ತದೆ ಎಂಬ ತಲ್ಗಾಮ್ ಅವರ ಮಾತು ಮುಂಭಾಗದ ಮಟ್ಟಿಗೆ ಗಟ್ಟಿ, ಹಿಂಭಾಗದ ರಥದ ಮಟ್ಟಿಗೆ ಸಡಿಲ.

2021ರ ಕೊನೆಯಲ್ಲಿ ಅದೇ ಮಗ್ದಲದಲ್ಲಿ, ರಸ್ತೆ ಅಗಲ ಮಾಡುವ ಮುಂಚಿನ ಅಗೆತದಲ್ಲಿ, ಎರಡನೆಯ ಸಭಾಮಂದಿರ ಸಿಕ್ಕಿದ ಸುದ್ದಿ ಬಂತು. ಮೊದಲನೆಯದಕ್ಕೆ 200 ಮೀಟರಿಗಿಂತ ಕಡಿಮೆ ದೂರ, ಕಾಲವೂ ಅದೇ. ಅಲಂಕಾರ ಇಷ್ಟಿಲ್ಲ. ಸಭಾಂಗಣದ ದಕ್ಷಿಣಕ್ಕಿರುವ ಸಣ್ಣ ಕೋಣೆಯಲ್ಲಿ ಗಾರೆ ಬಳಿದ ಕಲ್ಲಿನ ಗೂಡು ಇದೆ, ಸುರುಳಿಗಳನ್ನು ಅಲ್ಲಿ ಇಡುತ್ತಿದ್ದಿರಬಹುದು ಎನ್ನುತ್ತಾರೆ. ಒಂದೇ ಊರಿನ ಎರಡು ಮಂದಿರಗಳಲ್ಲಿ ಸುರುಳಿಯನ್ನು ಇಡುವ, ಓದುವ ಏರ್ಪಾಡು ಬೇರೆಬೇರೆಯಾಗಿತ್ತೇ? ಇನ್ನು ಹುಡುಕಬೇಕಾದದ್ದು ಅದನ್ನು.

ಪ್ರಶ್ನೆಪೆಟ್ಟಿಗೆ:

ಬಲಿಪೀಠದ ವಿಷಯದಲ್ಲಿ ನಾನು ಇನ್ನೂ ಸೋತಿಲ್ಲ. ಆದರೆ ಹೂವಿನ ಪ್ರಶ್ನೆ ನನ್ನ ಪಕ್ಷಕ್ಕೂ ತೊಡಕೇ, ಯಾಕೆಂದರೆ ಬಲಿ ಕೊಡುವ ಕಲ್ಲಿನ ಮೇಲೂ ಯಾರೂ ಹೂ ಬಿಡಿಸುವುದಿಲ್ಲ.

ಉಳಿಚಾಣ:

ತೀರದೂರು ಅವರೇ, ಮುಂದಿನ ಬಾರಿ ಹೋದಾಗ ಪ್ರತಿಕೃತಿಯ ಮೇಲ್ಮೈಯ ನಾಲ್ಕು ಮೂಲೆಗಳ ಫೋಟೊ ಹಾಕುತ್ತೀರಾ? ಹಲಗೆಯ ಕಾಲು ನಿಲ್ಲುತ್ತಿದ್ದರೆ ಅಲ್ಲಿಯೇ ನಿಲ್ಲಬೇಕು. ಅಕ್ಕಪಕ್ಕದ ಕೆತ್ತನೆ ಆ ಜಾಗವನ್ನು ಬಿಟ್ಟು ಹೋಗಿದೆಯೋ ಇಲ್ಲವೋ ನೋಡಬೇಕು.

ತೀರದೂರು:

ಖಂಡಿತ. ಬೇಲಿಯಾಚೆಯಿಂದ ಎಷ್ಟು ಸಿಗುತ್ತದೋ ಅಷ್ಟು ತೆಗೆಯುತ್ತೇನೆ. ನಮ್ಮಜ್ಜಿಗೆ, ಅಂದರೆ ನಾನು ನೋಡಿಕೊಳ್ಳುವವರಿಗೆ, ಹಬ್ಬಕ್ಕೆ ಮಗಳ ಮನೆಗೆ ಹೋಗುವುದಿದೆ, ಆಗ ನನಗೆ ಎರಡು ದಿನ ಬಿಡುವು.